ಎಡಗೈಗೂ ಪಾಠ ಬೇಕು

ಉಣ್ಣುವುದು, ಬಡಿಸುವುದು, ದಕ್ಷಿಣೆ ಕೊಡುವುದು, ಅಕ್ಷರ ತಿದ್ದುವುದು — ನಮ್ಮ ಮನೆಗಳಲ್ಲಿ ಇವೆಲ್ಲವೂ ಬಲಗೈಯ ಅಧಿಕಾರ. ಎಡಗೈ ಮುಂದೆ ಬಂದರೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಆಚಾರದ ಮಾತು ಹಾಗಿರಲಿ. ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಮಾತ್ರ ಈ ತಾರತಮ್ಯ ನಡೆಯದು. ಬಲಗೈಯೊಂದನ್ನೇ ನಂಬಿದ ಆಟಗಾರನ ಬಲಬದಿಗೆ ಎದುರಾಳಿ ಅಡ್ಡನಿಂತರೆ ಸಾಕು, ಅವನ ಆಟ ಅಲ್ಲಿಗೇ ನಿಲ್ಲುತ್ತದೆ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಪೀಚ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿಸಿ ಈ ಆಟವನ್ನು ಆರಂಭಿಸಿದರು. ಚೆಂಡನ್ನು ಹಿಡಿದು ಓಡಬಾರದೆಂಬುದು ಅವರ 13 ನಿಯಮಗಳಲ್ಲಿ ಒಂದು. ಚೆಂಡನ್ನು ಪುಟಿಸುತ್ತ ಸಾಗುವ ರೂಢಿ ಅನಂತರ ಬೆಳೆದುದು. ಎರಡೂ ಕೈಗಳಿಂದ ಒಮ್ಮೆಲೇ ಮುಟ್ಟಿದರೆ ಪುಟಿಸುವ ಹಕ್ಕು ಮುಗಿಯುತ್ತದೆ. ಆದುದರಿಂದ ಒಂದು ಕೈಯಿಂದ ಇನ್ನೊಂದು ಕೈಗೆ ಚೆಂಡನ್ನು ದಾಟಿಸುವ ಚಾತುರ್ಯಕ್ಕೆ ಇಲ್ಲಿ ಅಷ್ಟು ಬೆಲೆ.

ಪುಟಿಸುವಾಗ ಚೆಂಡನ್ನು ಅಂಗೈಯಿಂದ ಬಡಿಯಬಾರದು. ಅಗಲಿಸಿದ ಬೆರಳುಗಳಿಂದ ಒತ್ತಬೇಕು. ಎದುರಾಳಿ ಬಲಕ್ಕೆ ಬಂದರೆ ಚೆಂಡು ಎಡಗೈಗೆ ಹೋಗಬೇಕು. ಆಗ ಆಟಗಾರನ ದೇಹವೇ ಅದಕ್ಕೆ ಗುರಾಣಿ. ಬುಟ್ಟಿಗೆ ಎಸೆಯುವಾಗ ಒಂದು ಕೈ ಚೆಂಡಿನ ಹಿಂದೆ ನಿಂತು ಬಲ ಕೊಡುತ್ತದೆ, ಇನ್ನೊಂದು ಪಕ್ಕದಲ್ಲಿ ನಿಂತು ಅಲುಗದಂತೆ ಆಧಾರ ನೀಡುತ್ತದೆ. ಮಣಿಕಟ್ಟು ಬಾಗಿ ಬೆರಳ ತುದಿಯಿಂದ ಹೊರಟ ಚೆಂಡು ಹಿಮ್ಮುಖವಾಗಿ ತಿರುಗುತ್ತ ಸಾಗುವುದರಿಂದ, ಬಳೆಗೆ ತಗುಲಿದರೂ ಅದರ ವೇಗ ತಗ್ಗಿ ಒಳಗೆ ಬೀಳುವ ಸಂಭವ ಹೆಚ್ಚು.

ಈ ಪಾಠಕ್ಕೆ ಪೀಟ್ ಮರಾವಿಚ್‌ಗಿಂತ ಉತ್ತಮ ನಿದರ್ಶನ ದುರ್ಲಭ. ತರಬೇತುದಾರರಾಗಿದ್ದ ತಂದೆ ಪ್ರೆಸ್ ಮರಾವಿಚ್ ಅವರೇ ಬಾಲಕನಿಗೆ ಗುರು. ತಂದೆ ಕಾರು ನಡೆಸುತ್ತಿದ್ದರೆ ಮಗ ಬಾಗಿಲಿನಿಂದ ಹೊರಗೆ ಬಾಗಿ, ಬದಲಾಗುವ ವೇಗಕ್ಕೆ ತಕ್ಕಂತೆ ಚೆಂಡನ್ನು ರಸ್ತೆಯ ಮೇಲೆ ಪುಟಿಸುತ್ತಿದ್ದನಂತೆ! ಇದು ಅನುಕರಣೀಯವಲ್ಲ, ಆದರೆ ಅದರ ಹಿಂದಿನ ತತ್ತ್ವ ಗ್ರಾಹ್ಯ. ಕೈಗಳು ತಾವಾಗಿ ಕೆಲಸಮಾಡಲು ಕಲಿತರೆ ಕಣ್ಣುಗಳು ಸಂಗಡಿಗರನ್ನು ನೋಡಲು ಬಿಡುವಾಗುತ್ತವೆ. ಆ ಬಾಲಕನೇ ಮುಂದೆ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಪರವಾಗಿ 1967ರಿಂದ 1970ರವರೆಗಿನ ಮೂರು ಋತುಗಳಲ್ಲಿ 3,667 ಅಂಕಗಳನ್ನು ಗಳಿಸಿದನು. ಪಂದ್ಯವೊಂದಕ್ಕೆ ಸರಾಸರಿ 44.2.

ತಂದೆತಾಯಿಗಳು ಒಂದು ಎಚ್ಚರಿಕೆ ವಹಿಸಬೇಕು. ದೊಡ್ಡವರ ಚೆಂಡಿನ ಸುತ್ತಳತೆ ಸುಮಾರು 76 ಸೆಂಟಿಮೀಟರ್, ಬುಟ್ಟಿಯ ಎತ್ತರ 3.05 ಮೀಟರ್. ಇವನ್ನೇ ಎಳೆಯರ ಮುಂದಿಟ್ಟರೆ ಅವರು ಬೆರಳನ್ನು ಮರೆತು ಭುಜದ ಬಲದಿಂದ ಎಸೆಯತೊಡಗುತ್ತಾರೆ. ಹಾಗೆ ಅಂಟಿದ ಅಭ್ಯಾಸ ಬೇಗ ಬಿಡದು. ಮಕ್ಕಳ ಆಟಕ್ಕೆಂದೇ ಸುಮಾರು 70 ಸೆಂಟಿಮೀಟರ್ ಸುತ್ತಳತೆಯ 5ನೆಯ ಅಳತೆಯ ಚೆಂಡೂ, 2.60 ಮೀಟರ್ ಎತ್ತರದ ಬುಟ್ಟಿಯೂ ಇವೆ.

ಬುಟ್ಟಿಯಿಲ್ಲದ ಊರಿನಲ್ಲಿಯೂ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಗಟ್ಟಿನೆಲದ ಅಂಗಳ, ಒಂದು ಗೋಡೆ, ಒಂದು ಚೆಂಡು ಇದ್ದರೆ ಸಾಕು. ದಿನಕ್ಕೆ 10 ನಿಮಿಷ ಎಡಗೈಯೊಂದರಿಂದಲೇ ಪುಟಿಸಲಿ, ಗೋಡೆಗೆ ಎಸೆದು ಹಿಡಿಯಲಿ. ಎಡಚರಾದ ಮಕ್ಕಳಿಗೆ ಇದೇ ಪಾಠ ಬಲಗೈಗೆ. ಮೊದಮೊದಲು ಚೆಂಡು ಕೈತಪ್ಪಿ ಓಡುವುದು ಸಹಜ; ಆಗ ನಗಬೇಡಿ, ಗದರಬೇಡಿ. ಮಗುವಿಗೆ ಪ್ರಕೃತಿ ಕೊಟ್ಟಿರುವ ಕೈಗಳು ಎರಡು. ಅವೆರಡೂ ಕಲಿಯಲು ಮನೆಯವರ ಸಹನೆಯೇ ಮೊದಲ ಆಸರೆ.