ಉಮ್ಮನ ಅಲಿಕತ್ತು ಮತ್ತು ಹೂವಿನ ಗುಂಡಿ

ಉಮ್ಮ ಕಿವಿಯಂಚಿನುದ್ದಕ್ಕೂ ತೊಡುತ್ತಿದ್ದ ಅಲಿಕತ್ತುಗಳನ್ನು ಕರಗಿಸಿ ತಂಗಿಯ ಮದುವೆಗೆ ಬಳೆ ಮಾಡಿಸುವುದೆಂದು ತೀರ್ಮಾನವಾಗಿತ್ತು. ‘ಒಂದು ಫೋಟೊ ಆದ್ರೂ ತೆಗ್ದಿಡು’ ಎಂದರು. ಗಲ್ಫಿನಿಂದ ಬಂದ ಹಳೆಯ ಪುಟ್ಟ ಡಿಜಿಟಲ್ ಕ್ಯಾಮರಾ ಕಪಾಟಿನಲ್ಲಿತ್ತು. ನಿಮ್ಮಲ್ಲೂ ಒಂದು ಇರಬಹುದು.

ಝೂಮ್ ಮಾಡಿ ತೆಗೆದೆ. ಎಲ್ಲ ಮಂಜು ಮಂಜು! ಹತ್ತಿರದ ವಸ್ತುವಿಗೆ ಹೂವಿನ ಚಿತ್ರದ ಗುಂಡಿ ಒತ್ತಬೇಕೆಂದು ಗೊತ್ತಿತ್ತು. ಆದರೆ ಇಂಥ ಹೆಚ್ಚಿನ ಕ್ಯಾಮರಾಗಳಲ್ಲಿ ಝೂಮ್ ಪೂರ್ತಿ ಹಿಂದಿದ್ದರೆ ಮಾತ್ರ ತೀರಾ ಹತ್ತಿರ ಹೋಗಲಿಕ್ಕೆ ಆಗುವುದು ಎಂದು ಗೊತ್ತಿರಲಿಲ್ಲ. ಝೂಮ್ ಹಿಂದಕ್ಕೆ ತಂದು ನಾಲ್ಕು ಬೆರಳಿನಷ್ಟು ದೂರದಲ್ಲಿ ಹಿಡಿದೆ. ಈಗ ಫ್ಲ್ಯಾಶ್ ಹೊಡೆದು ಚಿನ್ನವೆಲ್ಲ ಬಿಳಿ. ಅದನ್ನು ಬಂದ್ ಮಾಡಿ ಕಿಟಕಿ ಬಳಿ ಹೋದೆ. ನೆರಳಿನ ಬದಿಗೆ ಬಿಳಿ ಕಾಗದ ನಿಲ್ಲಿಸಿದೆ. ಕೈ ನಡುಗುತ್ತದೆ ಮಾರ್ರೆ, ಕ್ಯಾಮರಾವನ್ನು ಪುಸ್ತಕದ ಮೇಲಿಟ್ಟು 2 ಸೆಕೆಂಡಿನ ಟೈಮರ್ ಹಾಕಿದೆ.

ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಒಂದರ ಕೊಕ್ಕೆಯಲ್ಲಿ ಬೆಸುಗೆಯ ಸಣ್ಣ ಗಂಟು. ಬರಿಗಣ್ಣಿಗೆ ಕಾಣದ್ದು. ಉಮ್ಮ ಕನ್ನಡಕ ಹಾಕಿ ನೋಡಿದರು. ‘ಇದು ನನ್ನ ಉಮ್ಮ ಇರುವಾಗ ತುಂಡಾದದ್ದು. ಅವರೇ ಸರಿ ಮಾಡಿಸಿ ತಂದದ್ದು.’

ಅಂಗಡಿಗೆ ಕಟ್ಟಿಟ್ಟ ಪೊಟ್ಟಣ ಬಿಚ್ಚಿ ಅದೊಂದನ್ನು ಬೇರೆ ಇಟ್ಟರು.