ಹಲ್ಲಿನ ಸಂದಿಗೆ ಇಣುಕುವ ಕಿರಣ

ಹುಳುಕು ಹಲ್ಲೆಂದರೆ ಕನ್ನಡಿಯಲ್ಲಿ ಕಾಣುವ ಕಪ್ಪು ಕುಳಿ ಎಂಬುದು ನಮ್ಮೆಲ್ಲರ ಎಣಿಕೆ. ಆದರೆ ದವಡೆ ಹಲ್ಲಿನ ಹುಳುಕು ಎಷ್ಟೋ ಸಲ ಶುರುವಾಗುವುದೇ ಎರಡು ಹಲ್ಲುಗಳು ಒಂದಕ್ಕೊಂದು ಆತುಕೊಂಡಿರುವ ಸಂದಿಯಲ್ಲಿ. ಅಲ್ಲಿಗೆ ಬ್ರಷ್ಷೂ ತಲುಪದು, ವೈದ್ಯರ ಕಣ್ಣೂ ಹಾಯದು. ಎಕ್ಸ್-ರೇ ಬೇಕಾಗುವುದು ಇಂಥ ಕಡೆ.

ಹಲ್ಲಿನ ಹೊರಕವಚ ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ವಸ್ತು, ತೂಕದಲ್ಲಿ ಶೇ. 96ರಷ್ಟು ಬರೀ ಖನಿಜ. ಅದರಲ್ಲಿರುವ ಕ್ಯಾಲ್ಸಿಯಂ ಕಿರಣವನ್ನು ಹೀರಿಕೊಳ್ಳುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಒಳಗಿನ ಡೆಂಟಿನ್ ಬೂದು, ನರ ಮತ್ತು ರಕ್ತನಾಳಗಳಿರುವ ತಿರುಳು ಕಪ್ಪು. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ತಯಾರಿಸುವ ಆಮ್ಲ ಖನಿಜವನ್ನು ಕರಗಿಸಿದಲ್ಲೆಲ್ಲ ಬಿಳುಪು ಮಾಸುತ್ತದೆ. ಆದರೆ ಸುಮಾರು ಶೇ. 30-40ರಷ್ಟು ಖನಿಜ ಹೋಗುವ ತನಕ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಹಾಗಾಗಿ ‘ಎಕ್ಸ್-ರೇಯಲ್ಲಿ ಏನೂ ಇಲ್ಲ’ ಎಂದಾಕ್ಷಣ ಹಲ್ಲು ಪೂರ್ತಿ ಚೆನ್ನಾಗಿದೆ ಎಂದು ನೆಮ್ಮದಿಯಾಗುವಂತಿಲ್ಲ.

ಎಕ್ಸ್-ರೇ ಕಂಡುಹಿಡಿದ ವಿಜ್ಞಾನಿ ರಾಂಟ್‌ಜೆನ್ 1895ರ ಕೊನೆಯಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಮರುತಿಂಗಳೇ ಜರ್ಮನಿಯ ಬ್ರೌನ್‌ಶ್ವೈಗ್‌ನ ದಂತವೈದ್ಯ ಒಟ್ಟೊ ವಾಲ್ಕಾಫ್ ಫೋಟೊ ತೆಗೆಯುವ ಗಾಜಿನ ತುಂಡೊಂದನ್ನು ಸುತ್ತಿ ಬಾಯೊಳಗಿಟ್ಟುಕೊಂಡು, 25 ನಿಮಿಷ ಕಿರಣಕ್ಕೆ ಮುಖವೊಡ್ಡಿ ತಮ್ಮ ಹಲ್ಲಿನ ಚಿತ್ರ ತೆಗೆದರು. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಎಡ್ಮಂಡ್ ಕೆಲ್ಸ್ ವರ್ಷಗಟ್ಟಲೆ ಯಂತ್ರದ ಮುಂದೆ ಬರಿಗೈ ಒಡ್ಡಿದವರು. ಮೊದಲು ಬೆರಳು, ಆಮೇಲೆ ಕೈಯನ್ನೇ ಕ್ಯಾನ್ಸರ್‌ಗೆ ಕಳೆದುಕೊಂಡು, 1928ರಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ‘ಎಕ್ಸ್-ರೇ’ ಎಂದರೆ ಈಗಲೂ ಹಲವರು ಹಿಂಜರಿಯುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಂದಿನ ಲೆಕ್ಕವೇ ಬೇರೆ. ಕ್ಲಿನಿಕ್ಕುಗಳಲ್ಲಿ ‘ಆರ್‌ವಿಜಿ’ ಎನ್ನುವ ಪುಟ್ಟ ಸೆನ್ಸರ್ ಬಾಯೊಳಗಿಟ್ಟರೆ ಕ್ಷಣದೊಂದು ಪಾಲು ಸಾಕು. ಒಂದು ಚಿತ್ರಕ್ಕೆ ತಗಲುವ ವಿಕಿರಣ ಸುಮಾರು 5 ಮೈಕ್ರೊಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ದಿನಕ್ಕೆ ಸರಾಸರಿ 6-7 ಮೈಕ್ರೊಸೀವರ್ಟ್ ಹೇಗೂ ನಮ್ಮ ಮೈಗೆ ಸೇರುತ್ತಿರುತ್ತದೆ. 2024ರಲ್ಲಿ ಅಮೆರಿಕದ ದಂತವೈದ್ಯರ ಸಂಘವಂತೂ ಸೀಸದ ಏಪ್ರನ್, ಕತ್ತಿನ ಪಟ್ಟಿ ಇನ್ನು ಬೇಡವೆಂದೇ ಸಲಹೆ ಕೊಟ್ಟಿತು: ಈಗಿನ ಕಿರಣ ಬೇಕಾದ ಜಾಗಕ್ಕಷ್ಟೇ ಸೀಮಿತ, ಪಟ್ಟಿ ಕೆಲವೊಮ್ಮೆ ಚಿತ್ರಕ್ಕೇ ಅಡ್ಡ ಬರುತ್ತದೆ.

ತಲೆಯ ಸುತ್ತ ತಿರುಗುವ ‘ಒಪಿಜಿ’ ಯಂತ್ರದ್ದು ಇನ್ನೊಂದು ಬಗೆಯ ಜಾಣ್ಮೆ. ಕಿರಣದ ಮೂಲವೂ ಸೆನ್ಸರೂ ತಾಳ ತಪ್ಪದೆ ಸುತ್ತುವುದರಿಂದ ದವಡೆಯ ಕಮಾನು ಮಾತ್ರ ಸ್ಪಷ್ಟವಾಗಿ ಮೂಡಿ, ಹಿಂದಿನ ಬೆನ್ನುಮೂಳೆ ಮಸುಕಾಗಿ ಕರಗುತ್ತದೆ. ಒಳಗೇ ಸಿಕ್ಕಿಕೊಂಡ ಬುದ್ಧಿಹಲ್ಲು ಹುಡುಕಲು ಇದು ಸರಿ. ಸಂದಿಯ ಸಣ್ಣ ಹುಳುಕಿಗೆ ಬಾಯೊಳಗೆ ಸೆನ್ಸರ್ ಇಟ್ಟು ತೆಗೆದ ಪುಟ್ಟ ಚಿತ್ರವೇ ವಾಸಿ.

ವಿಕಿರಣ ಕಡಿಮೆಯೆಂದು ಭೇಟಿ ಕೊಟ್ಟಾಗಲೆಲ್ಲ ಚಿತ್ರ ತೆಗೆಸುವುದೂ ನನಗೆ ಒಪ್ಪಿಗೆಯಲ್ಲ. ವೈದ್ಯರು ಮೊದಲು ಬಾಯಿ ನೋಡಬೇಕು, ಯಾವ ಸಂಶಯಕ್ಕೆ ಚಿತ್ರ ಬೇಕೆಂದು ಹೇಳಬೇಕು. ಕೇಳಿದರೆ ಬಹುತೇಕರು ಹೇಳುತ್ತಾರೆ ಕೂಡ. ವೈದ್ಯರನ್ನು ಬದಲಿಸುವವರು ಹಳೆಯ ಚಿತ್ರಗಳನ್ನು ಫೋನಿನಲ್ಲಾದರೂ ಇಟ್ಟುಕೊಂಡಿರುವುದು ಒಳ್ಳೆಯದು. ಹೋಲಿಸಿ ನೋಡಿದಾಗ ಎನಾಮಲ್‌ನಲ್ಲಿರುವ ಮಸುಕು ಹೋದ ವರ್ಷದಷ್ಟೇ ಇದ್ದರೆ ಹಲ್ಲು ಕೊರೆಯುವ ಅವಸರ ಬೇಕಿಲ್ಲ.