ಸಿಮೆಂಟಿನ ಚೀಲವೂ ನೆರೆಯವನ ಲೆಕ್ಕವೂ

ಗೋಪುರ ಕಟ್ಟಲು ಬಯಸುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆಂಬ ಪ್ರಭು ಯೇಸುವಿನ ಸಾಮತಿ ಸಂತ ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಶಿಷ್ಯತ್ವದ ಬೆಲೆಯನ್ನು ಬೋಧಿಸುವ ಈ ಸಾಮತಿಯಲ್ಲಿ ಕಟ್ಟಡ ಕಟ್ಟುವವರಿಗೂ ಪಾಠವಿದೆ. ಕೆಂಪು ಬಾಳೆಗೆ ಹೆಸರಾದ ನಮ್ಮ ಕಮಲಾಪುರದಲ್ಲಿ ಮನೆ ಕಟ್ಟಿಸುವ ಗೃಹಸ್ಥನು 50 ಕಿಲೋ ಸಿಮೆಂಟ್ ಚೀಲದ ಬೆಲೆಯನ್ನು ವಿಚಾರಿಸುತ್ತಾನೆ. ಆ ಚೀಲಕ್ಕಾಗಿ ಭೂಮಿ ತೆತ್ತ ಬೆಲೆಯನ್ನು ಯಾವ ಅಂಗಡಿಯೂ ಹೇಳಲಾರದು.

ಸೇಡಂ, ಚಿತ್ತಾಪುರ ತಾಲ್ಲೂಕುಗಳ ಸುಣ್ಣದ ಕಲ್ಲನ್ನು ವಾಡಿ, ಸೇಡಂ, ಮಳಖೇಡ ಪರಿಸರದ ಕಾರ್ಖಾನೆಗಳು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟು ಕ್ಲಿಂಕರ್ ತಯಾರಿಸುತ್ತವೆ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಬೆಂದರೆ 56 ಕಿಲೋ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇಂಧನವನ್ನು ಎಷ್ಟೇ ಉಳಿಸಿದರೂ ಇದು ತಪ್ಪದು, ಏಕೆಂದರೆ ಅದು ಕಲ್ಲಿನೊಳಗಿನಿಂದಲೇ ಹೊರಡುತ್ತದೆ. ಅದೇ ಸಮಯದಲ್ಲಿ ಈ ಉದ್ಯಮವೇ ಅನೇಕ ಕುಟುಂಬಗಳ ಅನ್ನ. ಆದುದರಿಂದ ಬರಿಯ ಖಂಡನೆಯೂ ಬರಿಯ ಪ್ರಶಂಸೆಯೂ ಸಲ್ಲವು. ನ್ಯಾಯವಾದ ಲೆಕ್ಕ ಬೇಕು.

ಅಂತಹ ಲೆಕ್ಕಕ್ಕೆ ಜೀವನಚಕ್ರ ಮೌಲ್ಯಮಾಪನವೆಂದು ಹೆಸರು. ವಸ್ತುವೊಂದು ಗಣಿಯಲ್ಲಿ ಹುಟ್ಟಿ ಕಸವಾಗುವವರೆಗೆ ಭೂಮಿ, ನೀರು, ಗಾಳಿಗಳ ಮೇಲೆ ಹೊರಿಸುವ ಭಾರವನ್ನು ಅಳೆಯುವ ವಿಧಾನವಿದು. 1969ರಲ್ಲಿ ಅಮೆರಿಕದ ಕೋಕಾ-ಕೋಲಾ ಸಂಸ್ಥೆ ತನ್ನ ಪಾನೀಯದ ಡಬ್ಬಿ-ಬಾಟಲಿಗಳ ಬಗ್ಗೆ ಮಾಡಿಸಿದ ಅಧ್ಯಯನ ಇದರ ಆರಂಭಗಳಲ್ಲೊಂದು. 1997ರಲ್ಲಿ ಇದಕ್ಕೆ ಐಎಸ್‌ಒ 14040 ಎಂಬ ಅಂತರರಾಷ್ಟ್ರೀಯ ಮಾನಕ ಬಂದಿತು. 2006ರಲ್ಲಿ ಅದು ಪರಿಷ್ಕೃತಗೊಂಡಿತು. ಗುರಿ ಮತ್ತು ವ್ಯಾಪ್ತಿಯ ನಿರ್ಣಯ, ಒಳಬರುವ-ಹೊರಹೋಗುವ ವಸ್ತುಗಳ ಪಟ್ಟಿ, ಪರಿಣಾಮಗಳ ಅಳತೆ, ಅರ್ಥನಿರೂಪಣೆ ಎಂಬ ನಾಲ್ಕು ಹಂತಗಳು ಇದರಲ್ಲಿವೆ.

ಇವುಗಳಲ್ಲಿ ಮೊದಲನೆಯದೇ ನಿರ್ಣಾಯಕ. ಕಾರ್ಯದಲ್ಲಿ ಕೊನೆಗೆ ಸಿದ್ಧಿಸುವ ಉದ್ದೇಶ ಸಂಕಲ್ಪದಲ್ಲಿ ಮೊದಲು ಬರುತ್ತದೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಪ್ರಶ್ನೆ ವಕ್ರವಾದರೆ ಅಂಕಿಗಳೆಲ್ಲ ಸರಿಯಿದ್ದರೂ ಉತ್ತರ ವಕ್ರವೇ.

ಉದಾಹರಣೆಗೆ, ಸಾಧಾರಣ ಸಿಮೆಂಟನ್ನೂ ಹಾರುಬೂದಿ ಬೆರೆಸಿದ ಸಿಮೆಂಟನ್ನೂ ಹೋಲಿಸಬೇಕಾಗಿದೆ ಎನ್ನೋಣ. ಭಾರತೀಯ ಮಾನಕದಂತೆ ಎರಡನೆಯದರಲ್ಲಿ ಶೇಕಡಾ 35ರವರೆಗೆ ಹಾರುಬೂದಿ ಇರಬಹುದು. ಅಷ್ಟರಮಟ್ಟಿಗೆ ಕ್ಲಿಂಕರ್ ಉಳಿಯುತ್ತದೆ. ಆದರೆ ಚೀಲಕ್ಕೆ ಚೀಲವನ್ನು ಹೋಲಿಸಿದರೆ ಸಾಲದು. ನಮಗೆ ಬೇಕಾದುದು ಚೀಲವಲ್ಲ, ಐವತ್ತು ವರ್ಷ ಬಾಳುವ ಛಾವಣಿ. ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕಾದರೆ, ಬೂದಿ ಬೆರೆತದ್ದಕ್ಕೆ ಕನಿಷ್ಠ 10 ದಿನ ಬೇಕು. ಬರಗಾಲದ ನಾಡಿನಲ್ಲಿ ಆ ನೀರೂ ಲೆಕ್ಕಕ್ಕೆ ಬರಬೇಕು. ಆ ಹಾರುಬೂದಿಯಾದರೋ ರಾಯಚೂರಿನ ಶಕ್ತಿನಗರದಲ್ಲಿರುವಂತಹ ಶಾಖೋತ್ಪನ್ನ ಸ್ಥಾವರಗಳ ಶೇಷ. ಕಲ್ಲಿದ್ದಲು ಉರಿಸಿದ ಭಾರದಲ್ಲಿ ವಿದ್ಯುತ್ತಿಗೆಷ್ಟು, ಬೂದಿಗೆಷ್ಟು? ಈ ಹಂಚಿಕೆಯ ನಿಯಮವನ್ನೂ ಮೊದಲೇ ಬಹಿರಂಗಪಡಿಸಬೇಕು.

ಎಲ್ಲಕ್ಕಿಂತ ಕಠಿಣವಾದುದು ಎಲ್ಲೆಯ ಪ್ರಶ್ನೆ. ಲೆಕ್ಕ ಕಾರ್ಖಾನೆಯ ಬಾಗಿಲಿನಲ್ಲಿ ನಿಲ್ಲುವುದೋ, ಹಿಂದಿನ ಗಣಿಯನ್ನೂ ಮುಂದೆ ಕೆಡವಿದ ಮನೆಯ ಅವಶೇಷವನ್ನೂ ಒಳಗೊಳ್ಳುವುದೋ? ಎಲ್ಲೆಯ ಹೊರಗೆ ಬಿಟ್ಟುದು ಫಲಿತಾಂಶದಲ್ಲಿ ಶೂನ್ಯವೆಂದೇ ತೋರುತ್ತದೆ. ನನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿ ಕೇಳಿದಾಗ ಪ್ರಭುವು ದಯಾಳುವಾದ ಸಮಾರಿಯದವನ ಕಥೆ ಹೇಳಿದುದನ್ನು ಇಲ್ಲಿ ನೆನೆಯಬೇಕು.

ಈ ವಿಧಾನಕ್ಕೂ ಮಿತಿಯಿದೆ. ಇಡೀ ಸರಪಳಿಯ ಭಾರವನ್ನು ಕೂಡಿಸುವ ಲೆಕ್ಕವು ಒಂದು ಹಳ್ಳಿಯ ತೊಗರಿ ಹೊಲದ ಮೇಲೆ ಕೂರುವ ಧೂಳನ್ನು ಬೇರೆಯಾಗಿ ತೋರಿಸಲಾರದು. ಅದಕ್ಕೆ ಆ ಸ್ಥಳದ್ದೇ ಪರಿಸರ ಪರಿಣಾಮ ಅಧ್ಯಯನ ಬೇಕು. 2006ರ ಕೇಂದ್ರ ಅಧಿಸೂಚನೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯನ್ನೂ ವಿಧಿಸಿದೆ. ಅಂತೆಯೇ ನೀರು ಮುಖ್ಯವೋ ಗಾಳಿ ಮುಖ್ಯವೋ ಎಂಬ ತೂಕವನ್ನು ವಿಜ್ಞಾನವೊಂದೇ ನಿರ್ಧರಿಸಲಾರದು. ಆದುದರಿಂದಲೇ, ಜನರ ಮುಂದಿಡುವ ಹೋಲಿಕೆಯಲ್ಲಿ ಹೀಗೆ ತೂಕ ಹಾಕಿ ಒಂದೇ ಅಂಕಿಗೆ ಇಳಿಸುವುದನ್ನು ಮಾನಕವೇ ನಿಷೇಧಿಸಿದೆ. ಪರಿಶೀಲನೆಗೆ ಸಮಿತಿಯೊಂದು ಇರಬೇಕೆಂದೂ ವಿಧಿಸಿದೆ. ತೂಕ ನೋಡುವುದು ಮನಸ್ಸಾಕ್ಷಿಯ ಕೆಲಸ.

ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಪರಿಸರ ಪರಿಶೀಲನೆಯು ಯೋಜನೆ ಸಿದ್ಧವಾದ ಮೇಲಿನ ಶಾಸ್ತ್ರವಾಗದೆ ಆರಂಭದಿಂದಲೇ ನಡೆಯಬೇಕೆಂದೂ, ಸ್ಥಳೀಯ ಜನರಿಗೆ ಚರ್ಚೆಯಲ್ಲಿ ವಿಶೇಷ ಸ್ಥಾನವಿರಬೇಕೆಂದೂ ಬೋಧಿಸಿದರು. ಪ್ರಿಯ ಕುಟುಂಬಗಳೇ, ನಿಮ್ಮ ಸನಿಹ ಅಂತಹ ಸಭೆ ನಡೆದರೆ ತಪ್ಪದೆ ಹೋಗಿರಿ. ಯಾವ ಪ್ರಶ್ನೆಗೆ ಈ ಲೆಕ್ಕ? ಯಾವ ಅಳತೆಗೋಲಿನಿಂದ? ಎಲ್ಲೆಯ ಹೊರಗೆ ಯಾರು ಉಳಿದರು? ಎಂಬ ಈ ಮೂರನ್ನು ವಿನಯದಿಂದ ಕೇಳಿರಿ. ಮನೆ ಕಟ್ಟಿಸುವವರು ಅಗತ್ಯಕ್ಕೆ ತಕ್ಕಷ್ಟೇ ಕಟ್ಟಿಸಿರಿ. ಸೃಷ್ಟಿ ನಮ್ಮ ಆಸ್ತಿಯಲ್ಲ. ದೇವರು ನಮ್ಮ ವಶಕ್ಕೆ ಒಪ್ಪಿಸಿದ ನಿಧಿ. ನಿಧಿಯನ್ನು ಕಾಯುವವನು ಲೆಕ್ಕ ಒಪ್ಪಿಸಲೇಬೇಕು.